ಗಿಳಿಯ ದಿನಚರಿಯಲ್ಲಿ ನಮ್ಮ ಪಾಲು

"ಅತ್ತೆ, ಬೆಳಗ್ಗೆ ನಾನು ಶೂ ಹಾಕ್ಕೊಳ್ಳೋದು ಕಂಡರೆ ಸಾಕು, ಶುರು. ಲಿಫ್ಟ್ ಕೆಳಗಿಳಿಯೋವರೆಗೂ ಅದರ ಕಿರುಚಾಟ ಕೇಳಿಸ್ತಿರುತ್ತೆ. ಪಕ್ಕದ ಮನೆಯವರು ಅಸೋಸಿಯೇಷನ್‌ಗೆ ದೂರು ಕೊಟ್ಟಾಯ್ತು. ಈಗ ನೋಡಿದರೆ ಎದೆಯ ಪುಕ್ಕ ಎಲ್ಲ ಕಿತ್ಕೊಂಡು ಕೂತಿದೆ."

ಮಾತಾಡುತ್ತಿದ್ದವನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯ ಉದ್ಯೋಗಿ. ಕೇಳುತ್ತಿದ್ದವರು ಅವನ ಸೋದರತ್ತೆ, ಪಶುವೈದ್ಯೆಯಾಗಿ ದುಡಿದು ನಿವೃತ್ತರಾದವರು. ಅವನು ಸಾಕಿರುವುದು ಸನ್ ಕಾನ್ಯೂರ್ ಎಂಬ ಗಿಳಿ. ಕೊಕ್ಕಿನಿಂದ ಬಾಲದ ತುದಿಗೆ ಒಂದಡಿ, ತೂಕ ನೂರು ಗ್ರಾಮಿನ ಆಚೀಚೆ, ಅರಿಶಿನದ ಮೈ, ಕಿತ್ತಳೆ ಮುಖ, ಬೀದಿಗೆಲ್ಲ ಕೇಳುವ ದನಿ. 2021ರಲ್ಲಿ ಮನೆಯಿಂದಲೇ ಕೆಲಸ ನಡೆಯುತ್ತಿದ್ದಾಗ ತಂದದ್ದು. ಇಡೀ ದಿನ ಅವನ ಹೆಗಲ ಮೇಲೆ, ಲ್ಯಾಪ್‌ಟಾಪಿನ ಅಂಚಿನ ಮೇಲೆ ಕೂತು, ಮೀಟಿಂಗ್ ನಡುವೆ ಕೀಬೋರ್ಡಿನ ಗುಂಡಿ ಕೀಳುತ್ತಾ ಬೆಳೆಯಿತು. ಈಗ ಕಂಪನಿ ವಾರಕ್ಕೆ ಐದು ದಿನ ಆಫೀಸಿಗೆ ಬಾ ಅಂದಿದೆ.

"ಮೊದಲು ಪುಕ್ಕದ ವಿಷಯ ಹೇಳು. ತಲೆಯ ಮೇಲೂ ಹೋಗಿದೆಯೋ, ಬರೀ ಎದೆಯದೋ?"

"ತಲೆ, ಕೆನ್ನೆ ಚೆನ್ನಾಗೇ ಇದೆ. ಎದೆ, ರೆಕ್ಕೆಯ ಕೆಳಗೆ, ಕಾಲಿನ ಹತ್ತಿರ ಬೋಳು."

"ಹಾಗಾದರೆ ಕೀಳ್ತಿರೋದು ಅದೇ. ತನ್ನ ತಲೆಗೆ ತನ್ನ ಕೊಕ್ಕು ಎಟುಕೋದಿಲ್ಲವಲ್ಲ. ತಲೆಯದೂ ಉದುರಿದ್ದರೆ ಬೇರೆ ಕಾಯಿಲೆ ಅಂತ ನಾನು ಮೊದಲು ಹೆದರ್ತಿದ್ದೆ. ಆದರೂ ಇವತ್ತೇ ಹಕ್ಕಿ ನೋಡೋ ಡಾಕ್ಟರ ಹತ್ತಿರ ಕರ್ಕೊಂಡು ಹೋಗು. ಚರ್ಮದ ಸೋಂಕು, ಹೊಟ್ಟೆಯ ಪರಾವಲಂಬಿ, ಲಿವರ್ ತೊಂದರೆ ಇದ್ದರೂ ಪುಕ್ಕ ಕೀಳುತ್ತೆ. ಅವೆಲ್ಲ ಇಲ್ಲ ಅಂತ ಗೊತ್ತಾದ ಮೇಲೆ ಬೇಜಾರು, ಒಂಟಿತನದ ಮಾತು."

ಹಕ್ಕಿ ಪುಕ್ಕ ಕಿತ್ತುಕೊಂಡ ಕೂಡಲೇ "ಪಾಪ, ಬೇಸರಕ್ಕೆ" ಎಂದು ತೀರ್ಮಾನಿಸುವವರು ಬಹಳ. ಅತ್ತೆ ಮೊದಲು ಕಾಯಿಲೆಯನ್ನೇ ಕೇಳಿದ್ದು ಸರಿಯಾದ ಕ್ರಮ. ಔಷಧಿ ಬೇಕಾದ ಹಕ್ಕಿಗೆ ಬರೀ ಆಟಿಕೆ ಕೊಟ್ಟು ಕೂತರೆ ಕಾಲ ಮೀರಿಹೋಗುತ್ತದೆ.

ಡಾಕ್ಟರು ನೋಡಿದರು. ರಕ್ತ, ಹಿಕ್ಕೆ, ಚರ್ಮ ಯಾವುದರಲ್ಲೂ ದೋಷ ಸಿಗಲಿಲ್ಲ. ಮುಂದಿನ ಭಾನುವಾರ ಅಳಿಯ ಮತ್ತೆ ಅತ್ತೆಯ ಮನೆಗೆ ಬಂದ.

"ನಂಗೆ ಅರ್ಥ ಆಗ್ತಿಲ್ಲ ಅತ್ತೆ. ಶನಿವಾರ, ಭಾನುವಾರ ಪೂರ್ತಿ ಅದರ ಜೊತೆಗೇ ಇರ್ತೀನಿ. ಎರಡು ದಿನ ಕೈಯಿಂದ ಕೆಳಗೇ ಇಳಿಸಲ್ಲ."

"ಸೋಮವಾರ?"

"ಸೋಮವಾರ ಎಂಟೂವರೆಗೆ ಹೋದರೆ ರಾತ್ರಿ ಎಂಟಾಗುತ್ತೆ."

"ತೊಂದರೆ ಇರೋದೇ ಅಲ್ಲಿ. ಎರಡು ದಿನ ಜಾತ್ರೆ, ಐದು ದಿನ ಉಪವಾಸ. ವಾರ, ರಜೆ ಅನ್ನೋ ಲೆಕ್ಕ ಅದಕ್ಕೆಲ್ಲಿ ಗೊತ್ತು? ನಿನ್ನೆ ಇಡೀ ದಿನ ಇದ್ದೋನು ಇವತ್ತು ಯಾಕಿಲ್ಲ ಅಂತ ಮಾತ್ರ ಗೊತ್ತಾಗುತ್ತೆ. ನಿನ್ನ ಕಾನ್ಯೂರ್ ಎಲ್ಲಿಯದು ಗೊತ್ತಾ?"

"ದಕ್ಷಿಣ ಅಮೆರಿಕ ಅಂದಿದ್ದ ಅಂಗಡಿಯವನು."

"ಗಯಾನಾ ಮತ್ತೆ ಅದಕ್ಕೆ ತಾಗಿದ ಬ್ರೆಜಿಲ್‌ನ ಉತ್ತರದ ತುದಿ. ಒಂದು ಕಾಲದಲ್ಲಿ ಗಯಾನಾದಲ್ಲಿ ಹಿಂಡುಹಿಂಡಾಗಿ ಇದ್ದವು. ಸಾಕೋದಕ್ಕೆ ಅಂತ ಹಿಡಿದು ಮಾರಿ ಮಾರಿ, ಈಗ ಅಳಿವಿನ ಅಂಚಿನ ಪಟ್ಟಿಯಲ್ಲಿವೆ. ಕರಸಬಾಯ್ ಅನ್ನೋ ಹಳ್ಳಿಯವರು ಅಲ್ಲಿ ಉಳಿದಿರೋದನ್ನ ಕಾಪಾಡ್ತಿದ್ದಾರೆ. ಕಾಡಿನಲ್ಲಿ ಇದು ಒಂಟಿಯಾಗಿ ಇರೋದೇ ಇಲ್ಲ ಕಣೋ. ತಿನ್ನೋದು, ಮಲಗೋದು, ಹಾರೋದು ಎಲ್ಲ ಹಿಂಡಿನಲ್ಲಿ. ಹಿಂಡು ಕಣ್ಣಿಗೆ ಬೀಳದೇ ಹೋದರೆ ಕೂಗಿ ಕರೆಯುತ್ತೆ, ಆಚೆಯಿಂದ ಉತ್ತರ ಬರುತ್ತೆ. ನಿನ್ನ ಲಿಫ್ಟಿಗೆ ಕೇಳೋ ಕಿರುಚಾಟ ಇದೇ. ಜಾತ್ರೆಯಲ್ಲಿ ಕೈತಪ್ಪಿದ ಮಗು ಅಮ್ಮನ್ನ ಕೂಗಿದ ಹಾಗೆ. ಉತ್ತರ ಬರದಿದ್ದರೆ ದನಿ ಏರುತ್ತೆ."

"ಸಿಟ್ಟು ಅಂದ್ಕೊಂಡಿದ್ದೆ."

"ಗಿಳಿಗಳಲ್ಲಿ ಈ ಕೂಗು ಎಷ್ಟು ಮುಖ್ಯ ಅಂದರೆ, ವೆನೆಜುವೆಲಾದಲ್ಲಿ ಕಾರ್ಲ್ ಬರ್ಗ್ ಅನ್ನೋ ವಿಜ್ಞಾನಿ ಮತ್ತೆ ಅವರ ಜೊತೆಗಾರರು ಪುಟ್ಟ ಪ್ಯಾರಟ್‌ಲೆಟ್ ಗಿಳಿಗಳ ಗೂಡಿನಲ್ಲಿ ಕ್ಯಾಮೆರಾ, ಮೈಕ್ ಇಟ್ಟು ಕೇಳಿದರು. ಅಪ್ಪ ಅಮ್ಮ ಒಂದೊಂದು ಮರಿಗೂ ಒಂದೊಂದು ಬೇರೆ ಕೂಗು ಕೊಡ್ತಾವಂತೆ, ಹೆಸರಿಟ್ಟ ಹಾಗೆ. ಮರಿ ಅದನ್ನೇ ಸ್ವಲ್ಪ ತಿದ್ದಿ ತನ್ನದು ಮಾಡ್ಕೊಳ್ಳುತ್ತೆ. 2011ರಲ್ಲಿ ಅದು ಪ್ರಕಟವಾಯಿತು. ಇನ್ನೂ ಪುಕ್ಕ ಬಲಿಯದ ಮರಿಗೇ ಒಂದು ಹೆಸರಿರೋ ಜಾತಿ ಇದು. ಅದರ ಕರೆಗೆ ಹನ್ನೊಂದು ಗಂಟೆ ಯಾರೂ ಓಗೊಡದಿದ್ದರೆ ಏನಾಗಬೇಡ?"

ಅಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ತಾನು ಹೋಗುವಾಗ ಟಿವಿ ಹಾಕಿಟ್ಟು ಹೋಗುತ್ತೇನೆ, ಗಿಳಿಗಳ ವಿಡಿಯೊ ಓಡುತ್ತಿರುತ್ತದೆ ಎಂದ.

"ಸದ್ದು ಇದ್ದರೆ ಒಳ್ಳೇದೇ, ಪೂರ್ತಿ ನಿಶ್ಶಬ್ದಕ್ಕಿಂತ ವಾಸಿ. ಆದರೆ ಅದನ್ನ ಸಂಗಾತ ಅಂತ ಲೆಕ್ಕ ಹಿಡೀಬೇಡ. ಅಲೆಕ್ಸ್ ಕಥೆ ಕೇಳಿದೀಯಲ್ಲ?"

"ಮಾತಾಡ್ತಿದ್ದ ಗಿಳಿ?"

"ಆಫ್ರಿಕನ್ ಗ್ರೇ. ಐರೀನ್ ಪೆಪರ್‌ಬರ್ಗ್ ಅನ್ನೋರು 1977ರಲ್ಲಿ ಷಿಕಾಗೋದ ಒಂದು ಹಕ್ಕಿ ಅಂಗಡಿಯಿಂದ ತಂದದ್ದು. 2007ರ ಸೆಪ್ಟೆಂಬರ್‌ನಲ್ಲಿ ಸಾಯೋವರೆಗೂ ಮೂವತ್ತು ವರ್ಷ ಅದರ ಜೊತೆ ಕೆಲಸ ಮಾಡಿದರು. ಐವತ್ತರಷ್ಟು ವಸ್ತುಗಳ ಹೆಸರು, ಏಳು ಬಣ್ಣ, ಆರರವರೆಗೆ ಎಣಿಕೆ, ದೊಡ್ಡದು ಚಿಕ್ಕದು, ಒಂದೇ ಥರ ಬೇರೆ ಥರ ಎಲ್ಲ ಕಲಿತಿತ್ತು. ಎಲ್ಲರೂ ಅದರ ಬುದ್ಧಿವಂತಿಕೆ ಹೊಗಳ್ತಾರೆ. ನಾನು ನೋಡೋದು ಅದು ಕಲಿತ ರೀತಿ. ಗಿಳಿಯ ಎದುರಿಗೆ ಇಬ್ಬರು ಮನುಷ್ಯರು ಕೂತ್ಕೋತಿದ್ದರು. ಒಬ್ಬರು ಒಂದು ಬೀಗದ ಕೈ ಹಿಡಿದು 'ಇದೇನು?' ಅಂತ ಕೇಳೋದು, ಇನ್ನೊಬ್ಬರು ಸರಿಯಾಗಿ ಹೇಳಿದರೆ ಬೀಗದ ಕೈ ಅವರ ಕೈಗೆ. ತಪ್ಪು ಹೇಳಿದರೆ ಕೊಡದೆ ಮುಖ ತಿರುಗಿಸೋದು. ಗಿಳಿ ನೋಡ್ತಾ ನೋಡ್ತಾ ತಾನೂ ಆಟಕ್ಕೆ ಬರ್ತಿತ್ತು. ಪೆಪರ್‌ಬರ್ಗ್ ಇದನ್ನೇ ಗ್ರೇ ಗಿಳಿಗಳಿಗೆ ಬರೀ ಟೇಪ್‌ನಿಂದ, ಬರೀ ವಿಡಿಯೊದಿಂದ ಕಲಿಸಿ ನೋಡಿದರು. ಕಲೀಲಿಲ್ಲ. ಎದುರಿಗೆ ಜನ ಬೇಕು, ಅವರು ತನ್ನ ಕಡೆ ನೋಡಬೇಕು, ತಾನು ಏನಾದರೂ ಮಾಡಿದರೆ ಅದಕ್ಕೆ ಏನಾದರೂ ಆಗಬೇಕು. ಟಿವಿ ನಿನ್ನ ಗಿಳಿಗೆ ಉತ್ತರ ಕೊಡುತ್ತಾ?"

"ಇಲ್ಲ."

"ಉತ್ತರ ಕೊಡೋ ಪರದೆ ಆದರೆ ಮಾತು ಬೇರೆ. ಅಮೆರಿಕ ಮತ್ತೆ ಸ್ಕಾಟ್ಲೆಂಡಿನ ಸಂಶೋಧಕಿಯರು ಹದಿನೆಂಟು ಸಾಕುಗಿಳಿಗಳಿಗೆ ವಿಡಿಯೊ ಕಾಲ್ ಮಾಡೋದು ಕಲಿಸಿದರು. 2023ರಲ್ಲಿ ಅದರ ವರದಿ ಬಂತು. ಗಿಳಿ ಗಂಟೆ ಬಾರಿಸಿದರೆ ಮಾಲೀಕರು ಟ್ಯಾಬ್ ತಂದಿಡೋದು, ಪರದೆ ಮೇಲಿರೋ ಗಿಳಿಗಳ ಫೋಟೊಗಳಲ್ಲಿ ಒಂದನ್ನ ಇದು ಕೊಕ್ಕಿನಿಂದ ಮುಟ್ಟೋದು. ಒಂದು ಕರೆ ಐದು ನಿಮಿಷ ಮೀರೋ ಹಾಗಿಲ್ಲ. ಹಕ್ಕಿ ಹೆದರಿದ ಲಕ್ಷಣ ಕಂಡ ಕೂಡಲೇ ಕಟ್. ಹೆಚ್ಚು ಕರೆ ಮಾಡಿದ ಗಿಳಿಗಳಿಗೇ ಹೆಚ್ಚು ಕರೆ ಬಂದವಂತೆ. ಒಂದನ್ನೊಂದು ನೋಡಿ ಆಹಾರ ಹುಡುಕೋ ಹೊಸ ಬುದ್ಧಿಯನ್ನೂ ಕಲಿತವಂತೆ. ಆದರೆ ಅಷ್ಟೂ ಹೊತ್ತು ಪಕ್ಕದಲ್ಲಿ ಮಾಲೀಕರು ಕೂತೇ ಇದ್ದರು, ಅದನ್ನ ಮರೀಬೇಡ."

ವಿಡಿಯೊ ಕಾಲ್ ಮಾಡುವ ಗಿಳಿಯ ಸುದ್ದಿ ಪತ್ರಿಕೆಗಳಲ್ಲಿ ತಮಾಷೆಯಾಗಿ ಬಂದು ಹೋಯಿತು. ಪಕ್ಕದಲ್ಲಿ ಕೂತಿದ್ದ ಮನುಷ್ಯರ ಸಮಯವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಲ್ಲಿ ಕೆಲಸ ಮಾಡಿದ್ದು ಯಂತ್ರ ಮಾತ್ರವಲ್ಲ, ನಿಯಮಿತವಾದ ಗಮನವೂ ಹೌದು.

"ಒಂಟಿ ಇದ್ದರೆ ನಿಜವಾಗಲೂ ಅಷ್ಟು ಕೆಟ್ಟದ್ದಾ ಅತ್ತೆ? ಊಟ, ನೀರು, ದೊಡ್ಡ ಪಂಜರ, ಎಲ್ಲ ಇದೆ."

"ವಿಯೆನ್ನಾದ ಪಶುವೈದ್ಯ ವಿಶ್ವವಿದ್ಯಾಲಯದವರು ಸಾಕಿದ ಆಫ್ರಿಕನ್ ಗ್ರೇ ಗಿಳಿಗಳ ರಕ್ತ ತೆಗೆದು ಟೆಲೊಮಿಯರ್ ಅಳೆದರು. ಕ್ರೋಮೋಸೋಮಿನ ತುದಿ ಅದು, ವಯಸ್ಸಾದ ಹಾಗೆಲ್ಲ ಮೋಟಾಗ್ತಾ ಬರುತ್ತೆ. ಒಂಟಿಯಾಗಿ ಇಟ್ಟ ಒಂಬತ್ತು ವರ್ಷದ ಗಿಳಿಗಳ ಟೆಲೊಮಿಯರ್, ಜೋಡಿಯಲ್ಲಿದ್ದ, ಇವಕ್ಕಿಂತ 23 ವರ್ಷ ದೊಡ್ಡ ಗಿಳಿಗಳಷ್ಟೇ ಮೋಟಾಗಿತ್ತು. 2014ರ ಅಧ್ಯಯನ. ಊಟ ನೀರಿನ ಕೊರತೆಯಿಂದ ಆದದ್ದಲ್ಲ ಅದು."

ಅತ್ತೆ ಎದ್ದು ಒಳಗಿನಿಂದ ಒಂದು ಬುಟ್ಟಿ ತಂದರು. ಅದರಲ್ಲಿ ತೆಂಗಿನ ಚಿಪ್ಪು, ಒಣ ಮುತ್ತುಗದ ಎಲೆ, ಹಳೆಯ ಪೇಪರ್ ಕಪ್, ಸೀಬೆ ಮರದ ಕೊಂಬೆ ಇದ್ದವು.

"ಇದೇನು ಪೂಜೆಗಾ?"

"ನಿನ್ನ ಗಿಳಿಗೆ ಆಫೀಸು. ಕಾಡಿನ ಗಿಳಿ ಹಗಲಿನಲ್ಲಿ ಬಹಳ ಹೊತ್ತು ಊಟ ಹುಡುಕೋದ್ರಲ್ಲೇ ಕಳೆಯುತ್ತೆ. ನೀನು ಬಟ್ಟಲಿಗೆ ಕಾಳು ಸುರಿದರೆ ಅರ್ಧ ಗಂಟೆಯಲ್ಲಿ ಮುಗೀತು. ಉಳಿದ ಹತ್ತು ಗಂಟೆ ಆ ಕೊಕ್ಕು ಏನು ಮಾಡಬೇಕು? ಪುಕ್ಕ ಕೀಳುತ್ತೆ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಎಳೆ ಅಮೆಜಾನ್ ಗಿಳಿಗಳನ್ನ ಎರಡು ಗುಂಪು ಮಾಡಿ ನೋಡಿದರು. ಒಂದಕ್ಕೆ ಬರೀ ಪಂಜರ, ಊಟ. ಇನ್ನೊಂದಕ್ಕೆ ಹುಡುಕಿ, ಬಿಚ್ಚಿ, ಕಚ್ಚಿ ತಿನ್ನೋ ಹಾಗೆ ಅಡಗಿಸಿಟ್ಟ ಊಟ, ಹತ್ತೋದಕ್ಕೆ ತೂಗಾಡೋದಕ್ಕೆ ಕೊಂಬೆ ಹಗ್ಗ. ಮೊದಲನೇ ಗುಂಪಿನವು ಪುಕ್ಕ ಕಿತ್ಕೊಂಡವು. ಆಮೇಲೆ ಅವಕ್ಕೂ ಇದೆಲ್ಲ ಕೊಟ್ಟಾಗ ಪುಕ್ಕ ಸುಧಾರಿಸಿತು. ನಿನಗೂ ಇನ್ನೂ ಕಾಲ ಇದೆ."

ಅವರು ಒಂದು ಮುತ್ತುಗದ ಎಲೆಯನ್ನು ಉರುಟಾಗಿ ಸುತ್ತಿ, ಒಳಗೆ ನಾಲ್ಕು ಕಾಳು ಮುಸುಕಿನ ಜೋಳ ಹಾಕಿ, ಎರಡು ತುದಿಗಳನ್ನೂ ಒಳಕ್ಕೆ ಮಡಚಿ ಅವನ ಕೈಗಿಟ್ಟರು. ಪೇಪರ್ ಕಪ್ಪಿನೊಳಗೆ ಕ್ಯಾರೆಟ್ ತುಂಡು, ನುಗ್ಗೆಸೊಪ್ಪು ಹಾಕಿ ಬಾಯಿ ಹಿಸುಕಿ ಮುಚ್ಚಿದರು. ತೆಂಗಿನ ಚಿಪ್ಪಿನ ಕಣ್ಣಿಗೆ ಹಗ್ಗ ಪೋಣಿಸಿ, ಒಳಗೆ ಕಾಗದದ ಉಂಡೆಗಳ ನಡುವೆ ಒಂದೇ ಒಂದು ಬಾದಾಮಿ ಹುದುಗಿಸಿದರು. ಮೊದಲು ಸುಲಭದ್ದು ಕೊಡು, ಗಿಳಿಯ ಕಣ್ಣೆದುರೇ ಮಡಚು, ಕಲಿತ ಮೇಲೆ ಕಷ್ಟದ್ದು ಎಂದರು. ಔಷಧಿ ಹೊಡೆದ ಮರದ ಕೊಂಬೆ ತರಬೇಡ, ಬೆಣ್ಣೆಹಣ್ಣು, ಚಾಕೊಲೇಟ್ ಹತ್ತಿರಕ್ಕೂ ತರಬೇಡ ಎಂದೂ ಸೇರಿಸಿದರು.

"ಗಿಳಿಯ ಪಂಜರವನ್ನ ಅಮ್ಮ ಅಡುಗೆಮನೆಯಲ್ಲಿ ಇಟ್ಟುಕೊಂಡರೆ ಅವರ ಜೊತೆಯೂ ಆಗುತ್ತಲ್ವಾ?"

"ಬೇಡವೇ ಬೇಡ!" ಅತ್ತೆಯ ದನಿ ಏರಿತು. "ನಿಮ್ಮನೆಯಲ್ಲಿ ದೋಸೆ ಯಾವುದರಲ್ಲಿ ಹುಯ್ಯೋದು? ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಅದರ ಲೇಪನದಿಂದ ಬರೋ ಹೊಗೆಗೆ ನಮಗೇನೂ ಆಗದಿರಬಹುದು, ಗಿಳಿ ನಿಂತ ಜಾಗದಲ್ಲೇ ಸಾಯುತ್ತೆ. ಹಾಲಿನಲ್ಲಿ ಇಡು, ಜನ ಓಡಾಡೋದು ಕಾಣೋ ಕಡೆ, ಒಂದು ಪಕ್ಕ ಗೋಡೆಗೆ ತಾಗಿ. ನಾಲ್ಕೂ ಕಡೆ ತೆರೆದಿದ್ದರೆ ಅದಕ್ಕೆ ಹೆದರಿಕೆ."

ಇನ್ನು ಗಿಳಿಗೆ ದಿನಕ್ಕೆ ಎಷ್ಟು ಹೊತ್ತು ಕೊಡಬೇಕು ಎಂಬ ಪ್ರಶ್ನೆ. ಅಳಿಯ ಒಂದು ಸಂಖ್ಯೆ ಬಯಸಿದ್ದ. ಅತ್ತೆ ಸಂಖ್ಯೆ ಕೊಡಲಿಲ್ಲ, ನಿನ್ನ ಕೈಲಿ ಪ್ರತಿದಿನವೂ ಆಗುವಷ್ಟು ಹೇಳು ಎಂದರು.

"ಬೆಳಗ್ಗೆ ಅರ್ಧ ಗಂಟೆ. ಸಂಜೆ ಒಂದು ಗಂಟೆ, ಅಮ್ಮ ಮಧ್ಯಾಹ್ನ ಸ್ವಲ್ಪ."

"ಆಯಿತು, ಹಾಗಾದರೆ ಭಾನುವಾರವೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಕೊಡು. ರಜಾ ದಿನದಲ್ಲೂ ನಡುವೆ ಒಂದೆರಡು ಗಂಟೆ ಪಂಜರದಲ್ಲಿ ಅದರ ಪಾಡಿಗೆ ಬಿಡು, ಎಲೆ ಪೊಟ್ಟಣ ಕೊಟ್ಟು. ಒಬ್ಬಂಟಿ ಇರೋದನ್ನೂ ಅದು ಕಲೀಬೇಕು. ಹೇಗೆ ಕಲಿಸೋದು ಅಂದರೆ, ಪಕ್ಕದ ಕೋಣೆಗೆ ಎರಡು ನಿಮಿಷ ಹೋಗು, ಸುಮ್ಮನಿದ್ದಾಗಲೇ ವಾಪಸ್ ಬಾ. ಆಮೇಲೆ ಐದು ನಿಮಿಷ, ಹತ್ತು. ಹೋಗುವಾಗ ಒಂದೇ ಮಾತು, ಒಂದೇ ಸಿಳ್ಳೆ. ಒಳಗಿನಿಂದ ಅದು ಮೆಲ್ಲಗೆ ಕೂಗಿದರೆ ನೀನೂ ಸಿಳ್ಳೆಯಲ್ಲೇ ಓಗೊಡು. ಜೋರಾಗಿ ಕಿರುಚಿದಾಗ ಮಾತ್ರ ಓಡಿ ಬರಬೇಡ, ಗದರಲೂ ಬೇಡ. ಗದರಿದರೂ ಅದಕ್ಕೆ ಅದು ಉತ್ತರವೇ. ಓಹೋ, ಹೀಗೆ ಕಿರುಚಿದರೆ ಬರ್ತಾನೆ ಅಂತ ಕಲಿಯುತ್ತೆ."

"ಈಗ ಮಾಡ್ತಿರೋದು ಅದನ್ನೇ."

"ಹಾಗಾದರೆ ಒಂದು ಕಥೆ ಕೇಳು. 2020ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್ ವನ್ಯಜೀವಿ ಉದ್ಯಾನಕ್ಕೆ ಐದು ಆಫ್ರಿಕನ್ ಗ್ರೇ ಗಿಳಿಗಳು ಬಂದವು. ಕ್ವಾರಂಟೈನ್ ಅಂತ ಒಂದೇ ಕೋಣೆಯಲ್ಲಿ ಇಟ್ಟರು. ಒಂದರಿಂದ ಒಂದು ಬೈಗುಳ ಕಲಿತವು. ಒಂದು ಬೈದರೆ ಇನ್ನೊಂದು ನಗೋದು. ನೋಡೋದಕ್ಕೆ ಬಂದ ಜನರೂ ನಕ್ಕರು. ನಕ್ಕಷ್ಟೂ ಬೈಗುಳ ಹೆಚ್ಚಾಯಿತು. ಕೊನೆಗೆ ಅವನ್ನ ಜನರ ಕಣ್ಣಿಂದ ದೂರ ಇಡಬೇಕಾಯಿತು. ನಗು, ಗದರಿಕೆ, ಓಡಿ ಬರೋದು, ಮೂರೂ ಗಿಳಿಗೆ ಒಂದೇ. ಯಾವುದಕ್ಕೆ ಗಮನ ಸಿಗುತ್ತೋ ಅದನ್ನ ಮತ್ತೆ ಮಾಡುತ್ತೆ. ಸುಮ್ಮನೆ ಆಡ್ಕೊಂಡಿರುವಾಗ ಹತ್ತಿರ ಹೋಗಿ ಮಾತಾಡಿಸು, ಅದನ್ನ ಯಾರೂ ಮಾಡೋದಿಲ್ಲ."

ಅಳಿಯ ಇನ್ನೊಂದು ತಾಪತ್ರಯ ಹೇಳಿದ. ಗಿಳಿ ಅವನ ತಾಯಿಯನ್ನು ಕಚ್ಚುತ್ತದೆ. ಅವನು ಹತ್ತಿರವಿದ್ದಾಗಲಂತೂ ಯಾರನ್ನೂ ಬರಗೊಡುವುದಿಲ್ಲ.

"ನೀನು ಅದನ್ನ ಎಲ್ಲಿ ಸವರ್ತೀಯ?"

"ಬೆನ್ನು, ರೆಕ್ಕೆ ಕೆಳಗೆ. ಕಣ್ಣು ಮುಚ್ಚಿ ಕೂರುತ್ತೆ."

"ಅದು ಜೋಡಿ ಹಕ್ಕಿಗಳ ನಡುವಿನ ಸಲಿಗೆ ಕಣಪ್ಪ. ನಿನ್ನನ್ನ ಜೋಡಿ ಅಂತಲೇ ತಿಳ್ಕೊಂಡಿದೆ. ತಿಂದದ್ದನ್ನ ನಿನ್ನ ಕೈಗೆ ಕಕ್ಕುತ್ತಲ್ವಾ? ಅದಕ್ಕೇ. ಇನ್ನು ಮೇಲೆ ತಲೆ, ಕತ್ತು, ಕೆನ್ನೆ, ಅಷ್ಟೇ. ಹಿಂಡಿನಲ್ಲೂ ಬೇರೆ ಹಕ್ಕಿಗಳು ಅಲ್ಲೇ ಪುಕ್ಕ ಕೆದರೋದು, ತನ್ನ ಕೊಕ್ಕಿಗೆ ಎಟುಕದ ಜಾಗ ಅದೇ. ಮತ್ತೆ ಬಾದಾಮಿಯಂಥ ಇಷ್ಟದ ತಿಂಡಿ ನಿನ್ನ ಕೈಯಿಂದ ಕೊಡೋದು ನಿಲ್ಲಿಸು, ಅಮ್ಮ ಕೊಡಲಿ. ಒಂದು ಕಡ್ಡಿಯ ತುದಿ ಮುಟ್ಟಿದರೆ ತಿಂಡಿ ಅಂತ ಅಮ್ಮನೇ ಕಲಿಸಲಿ. ಪಂಜರದ ಹೊರಗಿನಿಂದಲೇ ಶುರುಮಾಡಿದರೆ ಕಚ್ಚೋ ಮಾತೇ ಇಲ್ಲ. ಒಬ್ಬನ ಮೇಲೇ ನೇತುಬಿದ್ದ ಗಿಳಿ, ಆ ಒಬ್ಬ ಜ್ವರ ಬಂದು ಮಲಗಿದರೂ ಸಂಕಟಪಡುತ್ತೆ. ರಾತ್ರಿ ಹತ್ತು ಹನ್ನೆರಡು ಗಂಟೆ ಕತ್ತಲೆ, ನಿದ್ದೆ ಬೇಕು. ನೀನು ಎಂಟಕ್ಕೆ ಬಂದು ಹನ್ನೊಂದರವರೆಗೆ ದೀಪ ಹಾಕಿ ಆಡಿಸೋದೂ ತಪ್ಪು. ಆಫೀಸಿಂದ ಒಂದು ಗಂಟೆ ಬೇಗ ಹೊರಡೋಕೆ ಆಗದಿದ್ದರೆ ಸಂಜೆಯ ಪಾಲನ್ನ ಬೆಳಗ್ಗೆಗೆ ಹಾಕು, ಬೇಗ ಏಳು."

"ಇನ್ನೊಂದು ಗಿಳಿ ತಂದುಬಿಟ್ಟರೆ? ಎರಡೂ ಜೊತೆಗಿರ್ತಾವೆ."

ಈ ಪ್ರಶ್ನೆ ಬಂದೇ ಬರುತ್ತದೆ ಎಂದು ಅತ್ತೆಗೆ ಗೊತ್ತಿತ್ತು.

"ಹಕ್ಕಿಯ ಕಡೆಯಿಂದ ನೋಡಿದರೆ ಅದೇ ಒಳ್ಳೇದು. ಡೇವಿಸ್‌ನವರೇ ಅಮೆಜಾನ್ ಗಿಳಿಗಳನ್ನ ಗಂಡಿಗೆ ಗಂಡು, ಹೆಣ್ಣಿಗೆ ಹೆಣ್ಣು ಜೊತೆ ಹಾಕಿ ಬೆಳೆಸಿ ನೋಡಿದರು. ಜೊತೆಯಲ್ಲಿದ್ದವು ಕಡಿಮೆ ಕಿರುಚಿದವು, ಪಂಜರದಲ್ಲಿ ಹುಚ್ಚು ಹಿಡಿದ ಹಾಗೆ ಒಂದೇ ಸಮ ಆಕಡೆ ಈಕಡೆ ಸುತ್ತೋ ಚಟ ಅವಕ್ಕೆ ಬರಲಿಲ್ಲ. ಜೋಡಿ ಸಿಕ್ಕಿದರೆ ಮನುಷ್ಯರನ್ನ ಮರೆತುಬಿಡುತ್ತೆ ಅನ್ನೋ ಭಯ ಹಲವರಿಗಿದೆ. ಅಲ್ಲಿ ಹೊಸಬರು ಬಂದಾಗ ಕಚ್ಚೋಕೆ ಹೋದದ್ದು ಒಂಟಿ ಗಿಳಿಗಳೇ. ಆದರೆ ನಾಲ್ಕು ವರ್ಷ ಒಂಟಿ ಬೆಳೆದ ನಿನ್ನದು ಹೊಸದನ್ನ ಒಪ್ಪುತ್ತೆ ಅಂತ ಯಾರೂ ಬರೆದುಕೊಡೋಕಾಗಲ್ಲ. ಕಾಲ್ಬೆರಳು ಕಚ್ಚಿ ತುಂಡು ಮಾಡಿರೋ ಹಕ್ಕಿಗಳಿಗೆ ನಾನು ಪಟ್ಟಿ ಕಟ್ಟಿದೀನಿ. ಹೊಸದನ್ನ ತಿಂಗಳಿಗೂ ಮೇಲೆ ಬೇರೆ ಕೋಣೆಯಲ್ಲಿಟ್ಟು ಪರೀಕ್ಷೆ ಮಾಡಿಸಬೇಕು, ಆಮೇಲೆ ಬೇರೆ ಬೇರೆ ಪಂಜರ ಅಕ್ಕಪಕ್ಕ. ಹೊಂದದಿದ್ದರೆ ಎರಡು ಒಂಟಿ ಗಿಳಿ ನಿನ್ನ ಪಾಲಿಗೆ. ಮೊದಲು ಆರು ತಿಂಗಳು ಇದಕ್ಕೆ ಕೊಟ್ಟ ಮಾತು ಉಳಿಸ್ಕೊ."

"ಆಮೇಲೆ ತರೋದಾದರೆ ನಮ್ಮ ಹಸಿರು ಗಿಳಿ ತರಬಹುದಾ? ಊರಲ್ಲಿ ತೆಂಗಿನ ಪೊಟರೆಯಿಂದ ಮರಿ ತೆಗೆದು ಕೊಡ್ತೀನಿ ಅಂತ ಒಬ್ಬ ಹೇಳ್ತಿದ್ದ."

"ಅವನಿಗೆ ಬುದ್ಧಿ ಹೇಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನಮ್ಮ ಯಾವ ಗಿಳಿಯನ್ನೂ ಹಿಡಿಯೋ ಹಾಗಿಲ್ಲ, ಮಾರೋ ಹಾಗಿಲ್ಲ, ಸಾಕೋ ಹಾಗಿಲ್ಲ. ಗಿಳಿಶಾಸ್ತ್ರದವರ ಪಂಜರದಲ್ಲಿರೋದೂ ಅಪರಾಧವೇ. ಲಾಲ್‌ಬಾಗಿನ ಮರಗಳಿಗೆ ಸಂಜೆ ಗಿಳಿಗಳು ಗುಂಪುಗುಂಪಾಗಿ ಬಂದು ಇಳಿಯೋದನ್ನ ನೋಡಿದೀಯಲ್ಲ, ಆ ಗದ್ದಲದಿಂದ ಒಂದನ್ನ ಕಿತ್ತು ಬಾಲ್ಕನಿಗೆ ತರೋದಾ? ಕಾಯ್ದೆ ಹಾಗಿರಲಿ, ನಿನ್ನ ಕಾನ್ಯೂರ್‌ಗೆ ನೋಂದಣಿ ಆಗಿದೆಯಾ?"

"ಯಾವ ನೋಂದಣಿ?"

"2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ವನ್ಯಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರೋ ವಿದೇಶಿ ಪ್ರಾಣಿ ಪಕ್ಷಿ ಸಾಕಿದವರು ಪರಿವೇಶ್ ಪೋರ್ಟಲ್‌ನಲ್ಲಿ ದಾಖಲಿಸಬೇಕು. ಕಾಕಟೀಲ್, ಬಡ್ಜಿ ಆ ಪಟ್ಟಿಯಲ್ಲಿಲ್ಲ. ಸನ್ ಕಾನ್ಯೂರ್ ಇದೆ, ಆಫ್ರಿಕನ್ ಗ್ರೇ ಇದೆ. ಆಗಿಲ್ಲದಿದ್ದರೆ ನಾಳೆಯೇ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಕೇಳು."

ಅಳಿಯ ಫೋನಿನಲ್ಲಿ ಬರೆದುಕೊಂಡ. ಬೆಳಗಿನ ಅರ್ಧ ಗಂಟೆ, ಸಿಳ್ಳೆ, ಎಲೆ ಪೊಟ್ಟಣ, ಅಮ್ಮನ ಕೈಯಿಂದ ಬಾದಾಮಿ, ರಾತ್ರಿ ಎಂಟಕ್ಕೆ ಪಂಜರಕ್ಕೆ ಬಟ್ಟೆ, ನೋಂದಣಿ. ಬರೆಯುತ್ತಾ ಬರೆಯುತ್ತಾ ಕೇಳಿದ:

"ಇದು ಎಷ್ಟು ವರ್ಷ ಬದುಕುತ್ತೆ ಅತ್ತೆ?"

"ಚೆನ್ನಾಗಿ ನೋಡ್ಕೊಂಡರೆ ಇಪ್ಪತ್ತೈದು. ನಿನಗೆ ಮದುವೆಯಾಗಿ, ಮಕ್ಕಳಾಗಿ, ಅವರು ಕಾಲೇಜಿಗೆ ಹೋಗೋವರೆಗೂ."

"ಕಂಪನಿ ಎರಡು ವರ್ಷಕ್ಕೆ ಜರ್ಮನಿಗೆ ಕಳಿಸೋ ಮಾತಾಡ್ತಿದೆ."

"ಹಾಗಾದರೆ ಅದನ್ನೂ ಈಗಲೇ ಬರ್ಕೊ. ಹೋಗೋದು ಖಚಿತವಾದ ದಿನದಿಂದಲೇ ಯಾರ ಮನೆಗೆ ಬಿಡ್ತೀಯೋ ಅವರು ವಾರಕ್ಕೆರಡು ಸಲ ನಿಮ್ಮನೆಗೆ ಬಂದು ಅದಕ್ಕೆ ಊಟ ಕೊಡಲಿ, ಆ ಸಿಳ್ಳೆ ಕಲಿಯಲಿ. ಆಮೇಲೆ ಒಂದು ರಾತ್ರಿ ಅವರ ಮನೆಯಲ್ಲಿ, ಆಮೇಲೆ ಎರಡು. ವಿಮಾನ ಹತ್ತೋ ಹಿಂದಿನ ದಿನ ಪಂಜರ ತಗೊಂಡು ಹೋಗಿ ಇಟ್ಟುಬರೋ ಕೆಲಸ ಮಾತ್ರ ಮಾಡಬೇಡ."

"ನಿಮ್ಮನೆಗೆ ಬಿಟ್ಟರೆ?"

"ಕರ್ಕೊಂಡು ಬಾ, ನೋಡೋಣ. ನನಗೆ ಬೆಳಗ್ಗೆ ಐದಕ್ಕೇ ಎಚ್ಚರ ಆಗುತ್ತೆ. ಆದರೆ ನನಗೂ ಅರವತ್ತಾರಾಯಿತು, ಅದಕ್ಕೆ ನಾಲ್ಕು. ನಾನೊಬ್ಬಳೇ ಸಾಲದು, ಇನ್ನೊಬ್ಬರ ಹೆಸರೂ ಇರಲಿ ನಿನ್ನ ಪಟ್ಟಿಯಲ್ಲಿ."